ಅಧ್ಯಾಯಕ್ಕೆ ಹೊಂದದ ಕೊಕ್ಕರೆ

ಅರುಂಧತಿ ಮೇಡಂ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ಕನ್ನಡಕವನ್ನೂ ತೆಗೆದಿಟ್ಟರು. ಹಾಗೆ ಇಟ್ಟರೆಂದರೆ ಒಳ್ಳೆಯ ಸುದ್ದಿಯಲ್ಲ. ಅವರ ಮಾರ್ಗದರ್ಶನದಲ್ಲಿ ವರ್ಷಗಳಿಂದ ಪಿಎಚ್.ಡಿ. ಮಾಡುತ್ತಿದ್ದ ಗಗನಳಿಗೆ ಇಷ್ಟಾದರೂ ಗೊತ್ತಿತ್ತು.

"ಚೆನ್ನಾಗಿ ಬರ್ದಿದೀಯ ಕಣಮ್ಮ," ಎಂದರು. "ಓದ್ತಾ ಓದ್ತಾ ನಿಮ್ಮೂರಿಗೆ ಬಂದು ಆ ಹುಣಸೆ ಮರದ ಕೆಳಗೆ ಒಂದು ಗಳಿಗೆ ಕೂತ್ಕೊಳ್ಳೋಣ ಅನ್ನಿಸ್ತು. ಆದ್ರೆ ಇದು ಸಂಶೋಧನೆ ಅಲ್ಲ. ನೆಂಟರಿಗೆ ಊರು ತೋರಿಸ್ದಂಗಿದೆ."

ಗಗನ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಮಳವಳ್ಳಿಯ ಕಾಲೇಜೊಂದರಲ್ಲಿ ಅವಳು ಅತಿಥಿ ಉಪನ್ಯಾಸಕಿ. ಅರ್ಧ ದಿನ ರಜೆ ಬೇಡಿ, ಮಗಳನ್ನು ಶಾಲೆಗೆ ಬಿಟ್ಟು, ಎರಡು ಬಸ್ಸು ಬದಲಿಸಿ ಮಂಡ್ಯಕ್ಕೆ ಬಂದಿದ್ದಳು. ಬರುವಾಗ ದಾರಿಯುದ್ದಕ್ಕೂ ಮೇಡಂ ಏನೆಂದು ಹೊಗಳಬಹುದು ಎಂದೇ ಯೋಚಿಸಿದ್ದಳು.

ಅವಳ ತವರು ಕೊಕ್ಕರೆ ಬೆಳ್ಳೂರಿನ ಪಕ್ಕದ ಒಂದು ಸಣ್ಣ ಊರು. ಅಲ್ಲಿ ಮರ ಸಾಲದ ಹಕ್ಕಿಗಳು ಒಂದಷ್ಟು ಈ ಕಡೆಗೂ ಬಂದು ಹಿತ್ತಿಲ ಹುಣಸೆಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಮರಿ ಬೆಳೆದು ಕೊನೆಯ ಹಿಂಡು ಹೊರಟ ದಿನ, ಮರದ ಬುಡದಲ್ಲಿ ಮೊರವಿಟ್ಟು ಅಕ್ಕಿ, ಬೆಲ್ಲ, ಎಲೆ ಅಡಿಕೆ ಹಾಕುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಹಾಕುವ ಮಡಿಲಕ್ಕಿಯೇ ಅದು. ಮೂರನೇ ಅಧ್ಯಾಯದ ತುಂಬ ಇದೇ ಇತ್ತು. "ಈ ಊರಿನಲ್ಲಿ ಕೊಕ್ಕರೆಯೆಂದರೆ ತವರಿಗೆ ಬಂದ ಮಗಳು" ಎಂಬುದು ಅದರ ಮೊದಲ ವಾಕ್ಯ. ಒಂದು ವಿಚಾರಸಂಕಿರಣದಲ್ಲಿ ಅದನ್ನು ಓದಿದಾಗ ಜನ ಚಪ್ಪಾಳೆ ತಟ್ಟಿದ್ದರು.

"ಕೊಕ್ಕರೆ ಮಗಳು ಅಂದೆ, ಸರಿ," ಎಂದರು ಮೇಡಂ. "ಮಗಳು ಅಂದ್ರೆ ಏನು ನಿಮ್ಮೂರಲ್ಲಿ? ಇಷ್ಟು ಪುಟದಲ್ಲಿ ಒಂದ್ಸಲಾನೂ ಕೇಳಿಲ್ವಲ್ಲ."

"ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ ಮೇಡಂ."

"ಎಲ್ರಿಗೂ ಗೊತ್ತಿರೋದನ್ನ ಬರಿಯೋಕೆ ನೀನ್ಯಾಕೆ, ಓದೋಕೆ ನಾನ್ಯಾಕೆ? ನೋಡಿದ್ದನ್ನ ಬರ್ದಿದೀಯ. ಯಾಕೆ ಹಂಗೆ ಅಂತ ನಿನ್ನನ್ನ ನೀನೇ ಕೇಳ್ಕೊಂಡಿಲ್ಲ. ಅದಿರ್ಲಿ, ಹಿಂದೊಂದ್ಸಲ ಟೀ ಕುಡೀತಾ ಒಂದು ಕೊಕ್ಕರೆ ಕಥೆ ಹೇಳಿದ್ದೆ. ರೆಕ್ಕೆ ಮುರಿದಿತ್ತು, ನಿಮ್ಮವ್ವ ಕೊಟ್ಟಿಗೇಲಿಟ್ಟು ಸಾಕಿದ್ರು ಅಂತ. ಎಲ್ಲಮ್ಮ ಅದು?"

"ಅದು ಅಧ್ಯಾಯಕ್ಕೆ ಹೊಂದಲಿಲ್ಲ ಮೇಡಂ. ಬಂದ ಮಗಳು ಹೋಗ್ಲೇಬೇಕು ಅನ್ನೋದು ನನ್ನ ವಾದ. ಅದು ಹೋಗಲಿಲ್ಲ."

"ಹೊಂದೋದೆಲ್ಲ ನೀನು ಮೊದಲೇ ನಂಬ್ಕೊಂಡು ಬಂದಿದ್ದು. ನಿನಗೆ ಗೊತ್ತಿಲ್ಲದ್ದು ಇರೋದು ಆ ಹೊಂದದೇ ಇರೋದ್ರಲ್ಲಿ. ಅದನ್ನೇ ಆಚೆ ಹಾಕಿದ್ರೆ ಇನ್ನೇನು ಉಳೀತು?" ಕನ್ನಡಕ ಹಾಕಿಕೊಂಡು ಒಂದು ಪುಟ ತೆಗೆದರು. "ಮತ್ತೆ ಇದು. ಮಡಿಲಕ್ಕಿ ಇಡೋದನ್ನ ಕಣ್ಣಿಗೆ ಕಟ್ಟೋ ಹಾಗೆ ಬರ್ದಿದೀಯ. ನಿಮ್ಮವ್ವ ಇಟ್ಟಿದ್ದನ್ನ ನೀನು ಕಡೇ ಸಲ ನೋಡಿದ್ದು ಯಾವಾಗ?"

ಗಗನ ಆ ಪುಟವನ್ನು ತನ್ನತ್ತ ಎಳೆದುಕೊಂಡಳು. ಊರಿನ ಮನೆಮನೆಗೂ ಹೋಗಿ ಕೇಳಿದ್ದವಳು ತನ್ನ ಮನೆಯಲ್ಲಿ ಕೇಳಿರಲಿಲ್ಲ. ಅವ್ವನನ್ನು ಕೂರಿಸಿಕೊಂಡು ಸಂದರ್ಶನ ಮಾಡುವುದು ತಮಾಷೆಯಾಗಿ ಕಂಡಿತ್ತು. ಆ ಪುಟಗಳನ್ನು ಅವಳು ಬಾಲ್ಯದ ನೆನಪಿನಿಂದ ಬರೆದಿದ್ದಳು.

"ಇದೇ ಕಡೇ ವಿಸ್ತರಣೆ," ಎಂದರು ಮೇಡಂ, ಈ ಸಲ ಮೆಲ್ಲಗೆ. "ಬರೋ ತಿಂಗಳು ಈ ಅಧ್ಯಾಯ ಸರಿಯಾಗಿ ಬರದಿದ್ರೆ ನೋಂದಣಿ ಹೋಗುತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ. ಊರಿಗೆ ಹೋಗು. ನೋಡು."

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಗಗನಳಿಗೆ ಅಕ್ಕನ ನೆನಪು ಬಂತು. ಮೇಡಂ 'ಮಗಳು ಅಂದ್ರೆ ಏನು' ಎಂದಾಗಲೇ ಬಂದಿತ್ತು. ಅದನ್ನು ಮಂಡ್ಯದಿಂದ ಮದ್ದೂರಿನವರೆಗೆ ತಳ್ಳುತ್ತ ಬಂದಿದ್ದಳು, ಅಷ್ಟೆ. ಅಕ್ಕ ದೀಪಿಕಳನ್ನು ಮಳವಳ್ಳಿಯ ಆಚೆಗೆ ಕೊಟ್ಟಿದ್ದರು. ಒಂದೆರಡು ಹಬ್ಬಕ್ಕೆ ಕರೆಸಿಕೊಂಡಾಗ ಬಂದಳು, ಹೋದಳು. ಆಮೇಲೊಂದು ಸಲ ಯಾರೂ ಕರೆಯದೆ ಬಂದಳು. ನಾಲ್ಕು ದಿನಕ್ಕೆ ಅಪ್ಪ ವಾಪಸು ಬಿಟ್ಟುಬಂದ. ಆ ಮಳೆಗಾಲ ಮುಗಿಯುವುದರೊಳಗೆ, ಕಾಲು ಜಾರಿ ಬಾವಿಗೆ ಬಿದ್ದು ಸತ್ತಳೆಂದು ಸುದ್ದಿ ಬಂತು. ಗಂಡನ ಮನೆಯವರು ಹಾಗೆಂದರು. ತವರಿನವರೂ ಹಾಗೆಯೇ ಅಂದರು. ಗಗನ ಆಗ ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಪರೀಕ್ಷೆಗೆ ಓದುತ್ತಿದ್ದಳು. ಅವಳಿಗೂ ಹಾಗೆಂದೇ ಹೇಳಿದರು. ಅವಳೂ ಹಾಗೆಂದೇ ಹೇಳಿಕೊಂಡು ಬಂದಿದ್ದಳು.

ಆ ಭಾನುವಾರ ಗಗನ ತವರಿಗೆ ಹೋದಾಗ ಅಪ್ಪ ಶಿವಣ್ಣ ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನವ್ವಾ ಡಾಕ್ಟ್ರಮ್ಮ, ಕೊಕ್ಕರೆಗೆ ಸೂಜಿ ಆಕಕ್ಕೆ ಬಂದ್ಯಾ?"

"ನಾನು ಆ ಡಾಕ್ಟ್ರಲ್ಲ ಕಣಪ್ಪ."

"ಗೊತ್ತು ಬುಡು. ಆ ಡಾಕ್ಟ್ರಾಗಿದ್ರೆ ನನ್ ಮಂಡಿಗಾದ್ರೂ ಆಯ್ತಿದ್ದೆ."

ಅವ್ವ ಚಿಕ್ಕಬೋರಮ್ಮ ಹಿತ್ತಿಲಲ್ಲಿ ಹುಣಸೆ ಮರದ ಕೆಳಗೆ ಹಿಕ್ಕೆ ಬಿದ್ದ ಮಣ್ಣನ್ನು ಗುಡಿಸಿ ಗೊಬ್ಬರದ ಗುಂಡಿಗೆ ಎಳೆಯುತ್ತಿದ್ದಳು. ಮೇಲೆ ಗೂಡುಗಳು ಬರಿದಾಗಿದ್ದವು.

"ಎಲ್ಲಾ ಹೊರಟೋದ್ವಾ ಅವ್ವ?"

"ಬೆಳಿಗ್ಗೆ ಓದ್ವು. ಕುಂತ್ಕೊ, ಕೈ ತೊಳ್ಕೊಂಡ್ ಬತ್ತೀನಿ."

"ಮಡಿಲಕ್ಕಿ ಇಟ್ಯಾ?"

ಪೊರಕೆ ನಿಲ್ಲಲಿಲ್ಲ. "ಪಕ್ಕದ ಮನೆಯೋರು ಇಟ್ಟವ್ರೆ."

ಬೇಲಿಯಾಚೆ, ಪಕ್ಕದ ಮನೆಯ ಮರದ ಬುಡದಲ್ಲಿ ಮೊರವಿತ್ತು. ಕಾಂಡಕ್ಕೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು. ತಮ್ಮ ಮರದ ಬುಡದಲ್ಲಿ ಪೊರಕೆಯ ಗೆರೆಗಳು ಮಾತ್ರ ಇದ್ದವು.

"ನೀನ್ಯಾಕೆ ಇಡಲಿಲ್ಲ?"

"ಬಗ್ಗಕ್ಕಾಗಕಿಲ್ಲ ಕಣವ್ವ, ಸೊಂಟ."

"ಗುಡಿಸೋಕೆ ಬಗ್ಗಿದೀಯಲ್ಲ. ಹೋದ ವರ್ಷ ಇಟ್ಟಿದ್ಯಾ? ಅದರ ಹಿಂದಿನ ವರ್ಷ?"

"ಅಯ್ ಏನವ್ವ ನಿಂದು, ಪೊಲೀಸ್ನೋರು ಕೇಳ್ದಂಗೆ!"

ಗಗನ ಮರದ ಬೇರಿನ ಮೇಲೆ ಕೂತಳು. ತಾನು ಮದುವೆಯಾಗಿ ಹೊರಟ ದಿನ ಮಡಿಲು ತುಂಬಿದ್ದು ಸೋದರತ್ತೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಆಮೇಲೆ ಎಷ್ಟು ಸಲ ಬಂದು ಹೋದರೂ ಅವ್ವ ರಾಗಿಹಿಟ್ಟನ್ನೂ ಹುಣಸೆಹಣ್ಣನ್ನೂ ಸೊಪ್ಪನ್ನೂ ಬ್ಯಾಗಿಗೇ ತುರುಕುತ್ತಿದ್ದಳು. ಒಂದು ಸಲವೂ ಸೆರಗೊಡ್ಡು ಎಂದವಳಲ್ಲ. ಅಕ್ಕನ ಮೇಲಿದ್ದಷ್ಟು ಪ್ರೀತಿ ತನ್ನ ಮೇಲಿಲ್ಲ ಎಂದುಕೊಂಡು ಗಗನ ಅದನ್ನು ಒಳಗೇ ನುಂಗಿದ್ದಳು. ಅಧ್ಯಾಯದಲ್ಲಿ ಮಾತ್ರ, ಈ ಊರಿನ ಯಾವ ತಾಯಿಯೂ ಮಗಳನ್ನು ಬರಿ ಮಡಿಲಲ್ಲಿ ಕಳಿಸುವುದಿಲ್ಲ ಎಂದು ಬರೆದಿದ್ದಳು.

"ಅವ್ವ, ರೆಕ್ಕೆ ಮುರಿದ ಕೊಕ್ಕರೇನ ಯಾಕೆ ಇಟ್ಕೊಂಡೆ?"

ಪೊರಕೆ ಈಗ ನಿಂತಿತು.

"ಬಿದ್ದಿತ್ತು, ಇಟ್ಕೊಂಡೆ."

"ಅರಣ್ಯ ಇಲಾಖೆಯವರು ಬಂದು ಕೇಳಿದ್ರಂತೆ. ಕೊಡಲಿಲ್ಲವಂತೆ."

"ಕೊಡ್ನಿಲ್ಲ. ನಿಮ್ಮಪ್ಪ ಬಾಯಿಗೆ ಬಂದಂಗೆ ಬೈದ. ಕೆರೆ ಮೀನು ತಂದು ತಂದು ಆಕ್ದೆ. ಮಾರನೇ ವರ್ಸ ಮ್ಯಾಲೆ ಎಲ್ಲಾವು ಬಂದ್ವಲ್ಲ, ಕತ್ತೆತ್ತಿ ನೋಡ್ತಿತ್ತು. ಆಮ್ಯಾಲೆ ಒಂದಿನ ಸತ್ತೋಯ್ತು."

"ಯಾಕವ್ವ ಕೊಡಲಿಲ್ಲ?"

ಚಿಕ್ಕಬೋರಮ್ಮ ಮಗಳ ಎದುರಿಗೆ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತಳು. ಕೈಯ ಮಣ್ಣನ್ನು ಸೀರೆಗೆ ಒರೆಸಿದಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಎಲ್ಲಾವೂ ಓದ್ವು. ಅದು ಓಗಕಾಗ್ದೆ ಕುಂತಿತ್ತು. ಓಗಕಾಗ್ದೋಳ್ನ ಒಂದ್ಸಲ ಕಳಿಸಿವ್ನಿ. ಇನ್ನೊಂದ್ಸಲ ಕಳಿಸ್ಲಾ?"

ಬೇಲಿಯಾಚೆ ಯಾರೋ ಮೇಕೆಯನ್ನು ಬೈಯುತ್ತಿದ್ದರು. ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು.

"ಓಗಲ್ಲ ಅಂದ್ಲು ಕಣವ್ವ. ಬಾಯ್ಬಿಟ್ಟು ಅನ್ನಿಲ್ಲ. ಬಟ್ಟೆ ಗಂಟ ಅಟ್ಟದ ಮ್ಯಾಲೆ ಮಡಗಿದ್ಲು. ನಾಕ್ ದಿನಕ್ಕೆ ಜನ ಕೇಳಕ್ಕೆ ಸುರು ಮಾಡುದ್ರು. ನಿಮ್ಮಪ್ಪ ಬಸ್ ಒತ್ತಾಯ್ತು, ಬಿರ್ರನೆ ಮಡ್ಲು ತುಂಬು ಅಂದ. ಮಡ್ಲು ತುಂಬುಸ್ಕೊಂಡೋಳು ಇಂದಕ್ಕೆ ತಿರುಗ್ಬಾರ್ದಲ್ಲ. ತುಂಬ್ಬುಟ್ರೆ ಅಲ್ಲಿಗೆ ಮುಗೀತು. ಅವ್ಳು ಸೆರಗೊಡ್ನಿಲ್ಲ. ನಾನೇ ಇಡ್ದು ಒಡ್ಡುಸ್ದೆ. ನನ್ ಕೈಲೇ ಕಣೆ. ಅಕ್ಕಿ ಚೆಲ್ತು. ಚೆಲ್ಲಿದ್ದ ಬಗ್ಗಿ ಆರ್ಸಿ ಸೆರಗಿಗೆ ಆಕ್ಕೊಂಡ್ಲು, ಎಲ್ಲಾನೂವೆ. ತಿರುಗ್ನಿಲ್ಲ."

ಹಿಂಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಇದ್ನೆಲ್ಲ ಬರೀತೀಯೇನವ್ವ ಅದ್ರಲ್ಲಿ?" ಎಂದ. ದನಿಯಲ್ಲಿ ಗದರಿಕೆ ಇರಲಿಲ್ಲ. "ಊರೋರ ಮುಂದೆ ನಮ್ಮ ಮರ್ವಾದೆ?"

"ಊರೋರ್ಗೆ ಗೊತ್ತಿಲ್ದಿರದು ಏನೈತೆ?" ಎಂದಳು ಅವ್ವ, ಅವನತ್ತ ತಿರುಗದೆ. "ಬರೀಲಿ ಬುಡು."

ಬರೆಯುವುದು ಸುಲಭವಾಗಲಿಲ್ಲ. ಪಾಠ, ಮನೆ, ಮಗಳ ಜ್ವರ, ಇವುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಗಗನ ಕೂರುತ್ತಿದ್ದಳು. ಮೊದಲ ಸಲ ಬರೆದದ್ದು ಅಪ್ಪನ ಮೇಲಿನ ದೂರಿನಂತಿತ್ತು, ಹರಿದಳು. ಎರಡನೆಯದು ಅಳುವಿನಂತಿತ್ತು. ಅದನ್ನು ಮೇಡಮ್ಮಿಗೆ ತೋರಿಸಿದಾಗ ಅವರು ಅವಳ ಕೈ ಮುಟ್ಟಿ, "ಇದು ನಿನ್ನ ದುಃಖ, ನನಗೆ ಗೊತ್ತಾಗುತ್ತೆ," ಎಂದರು. "ಆದ್ರೆ ಒಂದು ಮನೆ ಕಂಡು ಇಡೀ ಊರು ಹೀಗೆ ಅನ್ನೋಕಾಗುತ್ತೇನಮ್ಮ? ನಿನ್ನ ಮಾತನ್ನ ಒಪ್ಪದೇ ಇರೋರನ್ನೂ ಹುಡುಕು."

ಅವಳು ಮತ್ತೆ ಊರಿಗೆ ಹೋದಳು. ಮಡಿಲಕ್ಕಿಯ ಮಾತೆತ್ತಿದರೆ ಎದ್ದು ಒಳಗೆ ಹೋಗುವ ಇನ್ನೂ ಕೆಲವು ತಾಯಂದಿರು ಸಿಕ್ಕರು. ಒಬ್ಬ ಮುದುಕಿ ಮಾತ್ರ ಜಗಳಕ್ಕೇ ಬಂದಳು: "ನಮ್ಮಣ್ಣ ಹೊಲ ಕೊಡ್ನಿಲ್ಲ, ಮನೆ ಕೊಡ್ನಿಲ್ಲ. ವರ್ಸಕ್ಕೊಂದ್ಸಲ ಮಡ್ಲಕ್ಕಿ ಕೊಡ್ತನೆ. ನನ್ ತವರು ಅಂತ ಉಳ್ದಿರದೇ ಅದು. ಅದ್ನೂ ಕಿತ್ಕಬೇಕು ಅಂತ ಬಂದಿದ್ದೀಯೇನಮ್ಮಿ?" ಆ ಮಾತು ಗಗನಳ ವಾದವನ್ನು ಅರ್ಧ ಮುರಿಯಿತು. ಈ ಸಲ ಅವಳು ಅದನ್ನು ಬಿಡಲಿಲ್ಲ. ಅಧ್ಯಾಯದ ನಟ್ಟನಡುವೆ ಇಟ್ಟಳು. ಮಡಿಲಕ್ಕಿ ಮಗಳಿಗೆ ತವರಿನ ಮೇಲೆ ಉಳಿದ ಹಕ್ಕು. ಅದೇ ಅಕ್ಕಿ, ಉಳಿಯಲು ಬಂದವಳಿಗೆ ಬಾಗಿಲ ಅಗುಳಿ. ಎರಡೂ ಒಂದೇ ಕೈಯಿಂದ ಬೀಳುವುದು ಯಾಕೆ ಎಂಬುದು ಅಧ್ಯಾಯದ ಪ್ರಶ್ನೆಯಾಯಿತು. ಚಪ್ಪಾಳೆ ಗಿಟ್ಟಿಸಿದ ಆ ಮೊದಲ ವಾಕ್ಯವನ್ನು ಹೊಡೆದುಹಾಕಿದಳು. ಈಗ ಅಧ್ಯಾಯ, ಹೋಗಲಾಗದ ಒಂದು ಕೊಕ್ಕರೆಯಿಂದ ಶುರುವಾಗುತ್ತಿತ್ತು.

ಮೇಡಮ್ಮಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಲೇಬೇಕೆಂದು ಒಂದು ಭಾನುವಾರ ಹೋದಳು. ಅವ್ವ ಬೇಡ ಎಂದರೆ ಹರಿಯುವುದೆಂದೂ, ನೋಂದಣಿ ಹೋದರೆ ಹೋಗಲೆಂದೂ ಬಸ್ಸಿನಲ್ಲೇ ತೀರ್ಮಾನಿಸಿದ್ದಳು. ಚಿಕ್ಕಬೋರಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕಾಲು ನೀಡಿಕೊಂಡು ಕೇಳಿದಳು. ಪುಸ್ತಕದ ಮಾತುಗಳು ಬಂದಲ್ಲಿ ಗಗನ ನಿಲ್ಲಿಸಿ ಮನೆಮಾತಿನಲ್ಲಿ ಹೇಳಿದಳು. ಅಕ್ಕಿ ಚೆಲ್ಲಿದ ಭಾಗ ಬರುತ್ತಿದ್ದಂತೆ, ಜಗಲಿಯ ಮೇಲಿದ್ದ ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ. ಅವನ ಕುಂಟುಹೆಜ್ಜೆ ದೂರವಾಗುವವರೆಗೂ ಗಗನ ಕಾದಳು. ಆಮೇಲೆ ಉಳಿದದ್ದನ್ನು ಓದಿ ಮುಗಿಸಿದಳು.

"ಅವ್ಳ್ ಎಸ್ರು ಬರ್ನೇ ಇಲ್ವಲ್ಲ," ಎಂದಳು ಅವ್ವ.

"ಹೆಸರು ಹಾಕಬಾರದವ್ವ. ಯಾರದ್ದೂ ಹಾಕಿಲ್ಲ. ಒಂದು ಮನೆಯ ಮಗಳು ಅಂತಿದೆ."

"ಎಲ್ಲದೆ? ತೋರ್ಸು."

ಅವ್ವನಿಗೆ ಓದು ಬಾರದು. ಗಗನ ಹಾಳೆಯನ್ನು ಅವಳ ತೊಡೆಯ ಮೇಲಿಟ್ಟು, ಅವಳ ತೋರುಬೆರಳನ್ನು ಹಿಡಿದು ಆ ಸಾಲಿನ ಮೇಲಿಟ್ಟಳು. ಅವ್ವ ಬೆರಳನ್ನು ತೆಗೆಯಲಿಲ್ಲ.

"ಸರ್ಯಾಗದೆ. ಕೊಡೋಗು ನಿಮ್ಮ ಮೇಡಮ್ಮಂಗೆ," ಎಂದಳು. ಬೆರಳು ಅಲ್ಲೇ ಇತ್ತು. "ಯಾಕೆ ಯಾಕೆ ಅಂತ ಎಷ್ಟೊಂದ್ ಕೇಳಿದ್ದೀಯಲ್ಲವ್ವ ಇದ್ರಲ್ಲಿ. ಅವತ್ತು ಅವ್ಳು ಗಂಟಿಡ್ಕೊಂಡು ಬಾಗ್ಲಲ್ಲಿ ನಿಂತಿದ್ಲು. ಉಂಡ್ಯಾ ಅಂದೆ. ಬಸ್ಸಲ್ಲಿ ಸೀಟು ಸಿಕ್ತಾ ಅಂದೆ. ಎಷ್ಟು ಕಪ್ಪಗಾಗಿದ್ದೀಯೆ ಅಂದೆ. ಯಾಕವ್ವ ಬಂದೆ ಅಂತ ಮಾತ್ರ ಕೇಳ್ನೇ ಇಲ್ಲ ಕಣೆ."

ಗಗನ ಹಾಳೆಯನ್ನು ವಾಪಸು ಕೇಳಲಿಲ್ಲ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ ಬೆರಳು ತೆಗೆಯುವವರೆಗೂ ಪಕ್ಕದಲ್ಲೇ ಕೂತಿದ್ದಳು.