ವಸಂತ ಬರೆಸಿದ ಸುಳ್ಳು

ಮಂಡಿ ಮೊಹಲ್ಲಾದ ಸೂಲಗಿತ್ತಿ ಪುಟ್ಟತಾಯಮ್ಮನ ಗತ್ತು ಕೇಳಬೇಕೆ! ಬೆಲ್ಲದ ಸಾಹುಕಾರರ ಮನೆಯಿಂದ ಹಮಾಲರ ವಠಾರದವರೆಗೆ ಆಕೆ ಹೊಕ್ಕುಳಬಳ್ಳಿ ಕೊಯ್ಯದ ಮನೆಯಿರಲಿಲ್ಲ. ಯಾರಾದರೂ ಆಸ್ಪತ್ರೆಯ ಮಾತೆತ್ತಿದರೆ, "ಹೋಗ್ರವ್ವ ಹೋಗಿ, ಕತ್ರಿ ಹಿಡ್ಕೊಂಡು ಕಾಯ್ತಾವ್ರೆ" ಎಂದು ಮೂತಿ ತಿರುವುವಳು. ಅಂಥವಳ ಒಬ್ಬಳೇ ಮಗಳು ವಸಂತ, ಕನ್ನಡ ನಾಡು ಒಂದಾದ ವರ್ಷ, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು.

ಏಳು ತುಂಬಿದ ಮೇಲೆ ಒಂದು ಬೆಳಿಗ್ಗೆ ವಸಂತಳ ಸೀರೆಗೆ ಕೆಂಪು ತಗುಲಿತು. ನೋವಿರಲಿಲ್ಲ. ನೋವಿಲ್ಲದ ರಕ್ತಕ್ಕೆ ಹೆದರಬೇಕಾದ್ದಿಲ್ಲ ಎಂಬುದು ಪುಟ್ಟತಾಯಮ್ಮನ ಗಟ್ಟಿ ನಂಬಿಕೆ. "ಉಷ್ಣ ಕಣವ್ವ" ಎಂದು ಕೊತ್ತಂಬರಿ ಬೀಜದ ಕಷಾಯ ಕುಡಿಸಿದಳು. ನಿಂತಿತು. ಹತ್ತು ದಿನಕ್ಕೆ ಮತ್ತೆ ಬಂತು, ಮತ್ತೆ ಕಷಾಯ. ಅಳಿಯ ಮಹದೇವು ಡಾಕ್ಟರಿಗೆ ತೋರಿಸೋಣವೆಂದಾಗ, "ನನ್ ಮಗಳ ಹೆರಿಗೆ ಇನ್ನೊಬ್ರು ಮಾಡ್ಸುದ್ರೆ ಊರೋರು ನಗಲ್ವಾ?" ಎಂದು ಅವನ ಬಾಯಿ ಮುಚ್ಚಿಸಿದಳು.

ಮೂರನೆಯ ಸಲ ಬಂದದ್ದು ಯಾವ ಕಷಾಯಕ್ಕೂ ಜಗ್ಗಲಿಲ್ಲ. ಚಾಪೆ ತೊಯ್ದುಹೋಯಿತು. ಉರಿಬಿಸಿಲಲ್ಲಿ ಜಟಕಾ ಹೆರಿಗೆ ಆಸ್ಪತ್ರೆಯ ಮುಂದೆ ನಿಂತಾಗ ಪುಟ್ಟತಾಯಮ್ಮನ ಗತ್ತೆಲ್ಲ ಇಳಿದಿತ್ತು.

ಡಾಕ್ಟರ್ ರಮಾಮಣಿ ಪರೀಕ್ಷೆ ಮಾಡಿದರು. "ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿದೆ. ಹೊಟ್ಟೆ ಕೊಯ್ದೇ ಮಗು ತೆಗೀಬೇಕು. ಮೊದಲು ರಕ್ತ ಹೋಗಿದ್ದು ಯಾವಾಗಮ್ಮ?"

ವಸಂತ ತಾಯಿಯ ಮುಖ ನೋಡಿದಳು. ಅವ್ವನ ಹೆಸರು ಕೆಡಬಾರದು, ಆ ನೋಟದಲ್ಲಿ ಇದ್ದದ್ದು ಅದೊಂದೇ.

"ಇವತ್ತೇ ಕಣ್ರೀ, ಡಾಕ್ಟ್ರಮ್ಮ."

"ಇಷ್ಟೊಂದು ಬಿಳಿಚ್ಕೊಂಡಿದೀಯಲ್ಲ?"

"ನಾನು ಮೊದ್ಲಿಂದ್ಲೂ ಹಿಂಗೇಯ."

ಹೇಳೇ ಪುಟ್ಟತಾಯಿ, ಹೇಳು! ಹೇಳಲಿಲ್ಲ. ಊರೆಲ್ಲ ಬಾಯಿ ಮಾಡಿಕೊಂಡು ತಿರುಗಿದ ಹೆಂಗಸು ಅಲ್ಲಿ ಸೆರಗು ಕಚ್ಚಿಕೊಂಡು ನಿಂತಳು. ಡಾಕ್ಟರು 'ಇವತ್ತೇ' ಎಂದು ಗಟ್ಟಿಯಾಗಿ ಅಂದುಕೊಳ್ಳುತ್ತಲೇ ಕಾಗದದ ಮೇಲೆ ಬರೆದರು. ಕೈಯಲ್ಲಿದ್ದ ಒಂದು ಬಾಟಲಿ ರಕ್ತ ಸಾಕಾದೀತೆಂದು ಒಳಗೆ ಕರೆದೊಯ್ದರು.

ಮಗು ಅತ್ತಿತು. ಪುಟ್ಟತಾಯಮ್ಮ ತಾಯಿ ಚಾಮುಂಡಿಗೆ ಕೈಮುಗಿಯುವಷ್ಟರಲ್ಲಿ ನರ್ಸು ಓಡಿಬಂದಳು. "ಮಾಸು ಬಿಟ್ಟ ಜಾಗದಿಂದ ರಕ್ತ ನಿಲ್ತಿಲ್ಲ. ಹೊಲಿಗೆ ಹಾಕಿದ್ರೂ, ಒತ್ತಿ ಹಿಡಿದ್ರೂ ಸೋರ್ತಾನೇ ಇದೆ. ಯಾರಾದ್ರೂ ರಕ್ತ ಕೊಡಬೇಕು!" ಸುದ್ದಿ ತಿಳಿದು ಆಗಷ್ಟೇ ರೈಲ್ವೆ ವರ್ಕ್‌ಶಾಪಿನಿಂದ ಸೈಕಲ್ಲು ತುಳಿದು ಬಂದಿದ್ದ ಮಹದೇವು ಅಂಗಿಯ ತೋಳು ಮಡಚಿ ಎದ್ದ. ಪುಟ್ಟತಾಯಮ್ಮ ಬಾಯಿ ಬಿಟ್ಟದ್ದು ಆಗ.

"ಇವತ್ತಲ್ಲ ಕಣವ್ವಾ! ಇದು ಮೂರನೇ ಸಲ. ನಾನೇ ಮುಚ್ಚಿಟ್ಟೆ!"

ಮಹದೇವುವಿನ ರಕ್ತ ಹೊಂದಿತು. ಅದನ್ನು ಬಾಟಲಿಗಿಳಿಸಿ ಒಳಗೆ ಒಯ್ಯುವ ಹೊತ್ತಿಗೆ ಡಾಕ್ಟರು ಬೇರೆ ದಾರಿ ಕಾಣದೆ ಗರ್ಭಕೋಶವನ್ನೇ ತೆಗೆದಿದ್ದರು. ಆದರೂ ವಸಂತ ಉಳಿಯಲಿಲ್ಲ.

ನರ್ಸಿನಿಂದ ವಿಷಯ ತಿಳಿದ ಡಾಕ್ಟರು ಹೊರಗೆ ಬಂದರು. "ಮೊದಲೇ ಗೊತ್ತಿದ್ರೆ ಇನ್ನೆರಡು ಬಾಟಲಿ ಹೊಂದಿಸಿಕೊಂಡೇ ಕೈ ಹಾಕ್ತಿದ್ದೆ. ಉಳಿಸೇ ಬಿಡ್ತಿದ್ದೆ ಅಂತ ಹೇಳಲಾರೆ. ಯಾಕಮ್ಮ ಆ ಹುಡುಗಿ ಸುಳ್ಳು ಹೇಳಿದ್ಲು?"

ಪುಟ್ಟತಾಯಮ್ಮ ಎದೆ ಬಡಿದುಕೊಂಡು ಅತ್ತಳು. ಅತ್ತು ಸುಸ್ತಾದ ಮೇಲೆ ಡಾಕ್ಟರ ಕಾಲ ಬಳಿ ಕುಕ್ಕರಿಸಿದಳು. "ಆ ಕಾಗದ ತಿದ್ದಿ ತಾಯಿ. ಮೂರು ಸಲ ಅಂತ ಬರೀರಿ. ಅವ್ವನೇ ಡಾಕ್ಟ್ರು ಬ್ಯಾಡ ಅಂದ್ಲು ಅಂತ್ಲೂ ಬರೀರಿ. ನನ್ ಮಗಳು ಹುಟ್ದಾಗ್ಲಿಂದ ಸುಳ್ಳಾಡ್ದೋಳಲ್ಲ."

ಡಾಕ್ಟರು ಇಂಗ್ಲಿಷಿನ ಆ ಸಾಲು ಹೊಡೆದುಹಾಕಿ, ಕೆಳಗೆ ಕನ್ನಡದಲ್ಲೇ ಬರೆದರು. ಪುಟ್ಟತಾಯಮ್ಮನಿಗೆ ಓದು ಬಾರದು. "ನೀನೇ ಓದಪ್ಪ" ಎಂದು ಅಳಿಯನ ಕೈಗೆ ಕೊಡಿಸಿದಳು. ಮಹದೇವು ವರಾಂಡದ ಜನರೆಲ್ಲ ಕೇಳುವಂತೆ ಪೂರ್ತಿ ಓದಿದ. ಆಮೇಲೆ ಅತ್ತೆಯ ಮುಖ ನೋಡಲಿಲ್ಲ. ನರ್ಸು ಕೂಸನ್ನು ತಂದಾಗ ಅವನೇ ಕೈಚಾಚಿ ಇಸಿದುಕೊಂಡ. ಆ ಮೊಹಲ್ಲಾದ ಅಷ್ಟೂ ಕೂಸುಗಳನ್ನು ಮೊದಲು ಹಿಡಿದಿದ್ದ ಪುಟ್ಟತಾಯಮ್ಮ, ಇದೊಂದನ್ನು ಕೊಡು ಎಂದು ಕೇಳಲಿಲ್ಲ.