ನಾನು ಹೋದರೆ ಸರಿಯಾಗುವ ಪಂಪ್‌ಹೌಸ್

ಕಣ್ಣೆದುರು ಸರಿಯಾಗಿದ್ದು, ಬೆನ್ನು ತಿರುಗಿಸಿದ ಕೂಡಲೇ ಕೆಡುವಂಥದ್ದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಮನುಷ್ಯರಾದರೂ ಅಷ್ಟೇ, ಮಷೀನಾದರೂ ಅಷ್ಟೇ. ಹೊಳೆ ದಂಡೆಯ ಆ ಪಂಪ್‌ಹೌಸ್ ಹಾಗೇ ನನ್ನನ್ನು ಆಟ ಆಡಿಸಿತು.

ನಾನು ರೂಪಶ್ರೀ. ಚನ್ನಗಿರಿಯಲ್ಲಿ ಪಂಚಾಕ್ಷರಪ್ಪನವರ ಅಂಗಡಿಯಲ್ಲಿ ಮೋಟಾರ್ ಪ್ಯಾನೆಲ್ ಕೆಲಸ ಮಾಡುತ್ತೇನೆ. ಹೊನ್ನಾಳಿ ದಾಟಿ ನ್ಯಾಮತಿ ಕಡೆ ಹೋಗುವಾಗ ಸಿಗುವ ಈ ಪಂಪ್‌ಹೌಸ್ ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಎತ್ತುತ್ತದೆ. ಮೋಟಾರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಅಲ್ಲಿನ ಕಂಟ್ರೋಲರ್ ಪೆಟ್ಟಿಗೆ. ಸಿಡಿಲು ಬಡಿದು, ಗುಡ್ಡದ ಮೇಲಿನ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂಬುದೇ ಅದಕ್ಕೆ ತಿಳಿಯದಂತಾಗಿತ್ತು. ನಾನು ಹೋಗಿ ಹೊಸದನ್ನು ಕೂರಿಸಿದೆ. ಹಳೆಯದರ ನೆಟ್‌ವರ್ಕ್ ವಿಳಾಸವನ್ನೇ ಹೊಸದಕ್ಕೂ ಕೊಟ್ಟೆ. ಹಾಗೆ ಮಾಡಿದರೆ ಬೇರೆ ಏನನ್ನೂ ಬದಲಿಸಬೇಕಿಲ್ಲ. ಚನ್ನಗಿರಿಯಲ್ಲೇ ಕೂತು ಕಂಪ್ಯೂಟರಿನಲ್ಲಿ ಟ್ಯಾಂಕ್ ನೋಡಬಹುದು, ಮೋಟಾರ್ ನಿಲ್ಲಿಸಬಹುದು.

ಇದು ನನಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಅಲ್ಲಿನ ಆಪರೇಟರ್ ರುದ್ರಣ್ಣನಿಗೆ. ಪೂರ್ತಿ ಹೆಸರು ತಿಪ್ಪೇರುದ್ರಸ್ವಾಮಿ, ಊರು ಜಗಳೂರು. ಮಗಳು ನಾಗರತ್ನ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಶುಕ್ರವಾರ ತೊಟ್ಟಿಲು ಶಾಸ್ತ್ರ. ಪಂಪ್‌ಹೌಸಿಗೆ ಇನ್ನೊಬ್ಬ ಆಪರೇಟರ್ ಇಲ್ಲದ್ದರಿಂದ ಅಜ್ಜ ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ. ದೂರದಿಂದ ನೋಡಿಕೊಳ್ಳುವುದು ಸರಿಯಾದರೆ ಮಾತ್ರ ರಜೆ ಎಂದು ನೀರು ಸಮಿತಿಯವರು ಹೇಳಿಬಿಟ್ಟಿದ್ದರು.

ಹೊಸದು ಕೂರಿಸಿ ಬಂದ ಮರುದಿನ ಕಂಪ್ಯೂಟರ್ ತೆರೆದರೆ ಟ್ಯಾಂಕ್ ಖಾಲಿ. ಕಣ್ಣು ಮಿಟುಕಿಸುವುದರೊಳಗೆ ತುಂಬಿದೆ. ಮತ್ತೆ ಖಾಲಿ. ಆಮೇಲೆ ಸಂಪರ್ಕವೇ ಕಡಿದುಹೋಯಿತು. ಇದೆಂಥ ಮಾಯೆ! ರುದ್ರಣ್ಣನಿಗೆ ಫೋನ್ ಮಾಡಿದೆ.

"ಇಲ್ಲಿ ಎಲ್ಲ ಚಂದ ಐತ್ರಿ ಮೇಡಂ. ಟ್ಯಾಂಕು ತುಂಬಿ ಮೋಟ್ರು ತಾನೇ ನಿಂತೈತೆ."

ಬರುತ್ತೇನೆಂದು ಹೇಳಿ ಎರಡು ಬಸ್ಸು ಬದಲಿಸಿ ಹೋದೆ. ರುದ್ರಣ್ಣ ಕಸ ಹೊಡೆದು, ಕುರ್ಚಿ ಒರೆಸಿ, ಮಂಡಕ್ಕಿ ಕಲಸಿಟ್ಟುಕೊಂಡು ಕಾಯುತ್ತಿದ್ದ. "ನಿಮ್ಮ ವೈರು ಇಲ್ಲಿ ಚುಚ್ಚಿರಿ ಮೇಡಂ, ಜಾಗ ಮಾಡಿಟ್ಟೀನಿ" ಎಂದ. ಲ್ಯಾಪ್‌ಟಾಪ್ ಹಚ್ಚಿ ನೋಡಿದೆ, ಸರಿ. ಹೊರಗೆ ನಿಂತು ಫೋನಿನಿಂದ ನೋಡಿದೆ, ಸರಿ. ಅನುಮಾನಕ್ಕೆ ಇಂಟರ್‌ನೆಟ್ ಕೊಡುವ ರೂಟರಿನ ಸಿಮ್ ಬದಲಿಸಿ, ಹೊಸ ಕೇಬಲ್ ಹಾಕಿ ವಾಪಸ್ ಬಂದೆ. ಮರುದಿನ ಬೆಳಿಗ್ಗೆ ಅದೇ ರಾಗ, ಟ್ಯಾಂಕ್ ಖಾಲಿ. ಇನ್ನೊಂದು ಸಲ ಹೋದರೂ ಅದೇ ಕತೆ.

"ಆ ಮಷೀನಿಗೆ ನಿನ್ನ ಕಂಡ್ರೆ ಹೆದರಿಕೆ ಇರ್ಬೇಕಮ್ಮ. ನಿಂದೊಂದು ಫೋಟೋ ಅಲ್ಲಿ ತಗುಲಿಹಾಕಿ ಬಾ" ಎಂದು ಪಂಚಾಕ್ಷರಪ್ಪನವರು ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ಅನ್ನ ಕಲಸುವಾಗಲೂ ತಲೆಯಲ್ಲಿ ಅದೇ ಟ್ಯಾಂಕು. ನಾನು ಅಲ್ಲಿದ್ದಾಗ ಇರುವುದು, ಇಲ್ಲದಾಗ ಇಲ್ಲದ್ದು ಏನು?

ಗುರುವಾರ ಯಾರಿಗೂ ಹೇಳದೆ ಹೊರಟೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಖಾಲಿ, ತುಂಬಿದೆ, ಖಾಲಿ. ಅದನ್ನು ತೆರೆದಿಟ್ಟುಕೊಂಡೇ ಫೋನ್ ಮಾಡಿ, "ರುದ್ರಣ್ಣ, ಹೊನ್ನಾಳಿಗೆ ಬಂದಿದೀನಿ, ಇನ್ನೇನು ಬಂದೆ" ಎಂದೆ. ಚಹಾ ಮುಗಿಯುವಷ್ಟರಲ್ಲಿ ಪರದೆ ನೆಟ್ಟಗಾಯಿತು. ಒಂದು ಸಲವೂ ಅಲುಗಲಿಲ್ಲ.

ಅರೆ! ನಾನಿನ್ನೂ ಹೊನ್ನಾಳಿಯಲ್ಲೇ ಇದ್ದೇನೆ. ಹಾಗಾದರೆ ಅದನ್ನು ಸರಿಮಾಡುತ್ತಿರುವುದು ನಾನಲ್ಲ, ನಾನು ಬರುವ ಸುದ್ದಿ. ಆ ಸುದ್ದಿ ಗೊತ್ತಿರುವುದು ಒಬ್ಬನಿಗೇ. ಪಿತ್ತ ನೆತ್ತಿಗೇರಿತು. ಆದರೆ ರಜೆಗೆ ಬಾಯಿ ಬಾಯಿ ಬಿಡುತ್ತಿರುವ ಮನುಷ್ಯ ತನ್ನ ರಜೆಯನ್ನೇ ಯಾಕೆ ಕೆಡಿಸಿಕೊಳ್ಳುತ್ತಾನೆ? ಸಿಟ್ಟಿಗಿಂತ ಕುತೂಹಲವೇ ದೊಡ್ಡದಾಗಿ ಬಸ್ಸು ಹತ್ತಿದೆ.

ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ನಾನು ಬರ್ತೀನಿ ಅಂದ ಕೂಡ್ಲೆ ಏನೇನು ಮಾಡ್ತೀರಿ ರುದ್ರಣ್ಣ? ಒಂದೂ ಬಿಡದಂಗೆ ಹೇಳ್ರಿ."

"ಏನ್ ಮಾಡ್ತೀನ್ರಿ? ಕಸ ಹೊಡೀತೀನಿ. ಹಾಲು ತರ್ತೀನಿ. ನಿಮ್ಮ ಲ್ಯಾಪ್‌ಟಾಪಿಗೆ ಜಾಗ ಬಿಡಿಸ್ತೀನಿ."

"ಯಾರನ್ನ ಎಬ್ಬಿಸಿ?"

ರುದ್ರಣ್ಣ ಪ್ಯಾನೆಲ್ಲಿನ ಹಿಂದಿನ ಗೂಡಿನ ಕಡೆ ಕೈ ತೋರಿಸಿದ. ಅಲ್ಲಿ ದೇವರ ಪಟ. ಪಟದ ಪಕ್ಕದಲ್ಲಿ, ವಿಭೂತಿ ಹಚ್ಚಿಸಿಕೊಂಡು, ನಾನು ಬಿಚ್ಚಿಹಾಕಿದ್ದ ಹಳೇ ಕಂಟ್ರೋಲರ್! ಅದಕ್ಕೆ ಕರೆಂಟ್ ಕೊಟ್ಟಿದ್ದ. ಹಸಿರು ದೀಪ ಉರಿಯುತ್ತಿತ್ತು. ನೆಟ್‌ವರ್ಕ್ ಕೇಬಲ್ಲನ್ನು ಆಗಷ್ಟೇ ಕಿತ್ತು, ಸುರುಳಿ ಸುತ್ತಿ ಪಕ್ಕಕ್ಕಿಟ್ಟಿದ್ದ. ರೂಟರಿನಲ್ಲಿ ಖಾಲಿ ಇದ್ದ ಕಿಂಡಿ ಒಂದೇ. ಬಂದವರಿಗೆ ಅದನ್ನು ಬಿಟ್ಟುಕೊಡುವುದು, ಅವರು ಹೋದ ಮೇಲೆ ಹಳೆಯದನ್ನು ಮತ್ತೆ ಚುಚ್ಚುವುದು.

"ಯಾಕ್ರಿ ಹಿಂಗೆ ಮಾಡಿದ್ರಿ?" ನನ್ನ ದನಿ ಜೋರಾಗಿಯೇ ಇತ್ತು.

"ಬಾಣಂತಿ ಮನೇಲಿ ಕೂಸು ತೊಟ್ಟಿಲು ಏರೋತನಕ ದೀಪ ಆರಬಾರ್ದು ಅಂತಾಳ್ರಿ ನಮ್ಮಾಕೆ. ಅಲ್ಲಿ ಆಕೆ ಕಾಯ್ತಾಳೆ. ನಾನೂ ಒಂದು ಕಾಯಬೇಕಲ್ಲ? ಎಣ್ಣೆ ದೀಪ ಈ ಹೊಳೆ ಗಾಳಿಗೆ ನಿಲ್ಲಾಕಿಲ್ಲ. ಇದು ಇಷ್ಟು ವರ್ಷ ಊರಿಗೆ ನೀರು ಕೊಟ್ಟಿದ್ದು, ಇದೇ ಇರಲಿ ಅಂದ್ಕೊಂಡೆ."

"ದೀಪಕ್ಕೆ ಕರೆಂಟ್ ಸಾಕಲ್ಲ? ಆ ವೈರು ಯಾಕೆ?"

"ಅದು ಚುಚ್ಚಿದ್ರೆ ಇನ್ನೊಂದು ದೀಪ ಮಿಣಮಿಣ ಅಂತೈತ್ರಿ. ಕೂಸು ಉಸಿರಾಡಿದಂಗೆ ಕಾಣ್ತೈತೆ."

ಬೈಯುವುದನ್ನು ಬಿಟ್ಟೆ. ಕೂರಿಸಿಕೊಂಡು ಹೇಳಿದೆ: ಒಂದೇ ಮನೆ ನಂಬರಿನ ಎರಡು ಮನೆ ಇದ್ದ ಹಾಗಾಗಿದೆ. ನಾನು ಚನ್ನಗಿರಿಯಿಂದ ಕೂಗಿದರೆ ಒಮ್ಮೆ ಇದು ಓಗೊಡುತ್ತದೆ, ಒಮ್ಮೆ ಅದು. ಹಳೆಯದಕ್ಕೆ ಟ್ಯಾಂಕಿನ ವೈರೇ ಇಲ್ಲ, ಅದಕ್ಕೇ ಖಾಲಿ ಖಾಲಿ ಎನ್ನುತ್ತದೆ.

ರುದ್ರಣ್ಣನ ಮುಖ ಇಳಿದುಹೋಯಿತು. "ಅಯ್ಯೋ ಶಿವನೇ, ನನ್ನ ರಜಕ್ಕೆ ನಾನೇ ಕಲ್ಲು ಹಾಕ್ಕೊಂಡ್ನಾ?" ಸ್ವಿಚ್ ಆರಿಸಲು ಎದ್ದ. ಕೈ ಸ್ವಿಚ್ಚಿನ ಮೇಲೇ ನಿಂತಿತು. ತೊಟ್ಟಿಲು ನಾಳೆ.

ಆ ಕೈ ನೋಡಿ ನನಗೆ ಸಂಕಟವಾಯಿತು. "ಆರಿಸಬೇಡ್ರಿ, ಈ ಕಡೆ ಬರ್ರಿ" ಎಂದು ಗದರಿದೆ. ಹಳೆಯದಕ್ಕೆ ನೇರವಾಗಿ ಲ್ಯಾಪ್‌ಟಾಪ್ ಹಚ್ಚಿ, ಅದಕ್ಕೆ ಅದರದ್ದೇ ಬೇರೆ ವಿಳಾಸ ಕೊಟ್ಟೆ. ಆಮೇಲೆ ಅದರ ಕೇಬಲ್ಲನ್ನು ನಾನೇ ಕಿಂಡಿಗೆ ಚುಚ್ಚಿದೆ. ಮಿಣಮಿಣ ಶುರುವಾಯಿತು. ಫೋನಿನಲ್ಲಿ ಟ್ಯಾಂಕ್ ನೋಡಿದೆ, ತುಂಬಿದ್ದು ತುಂಬಿಯೇ ಇತ್ತು. ಸಮಿತಿಯವರಿಗೆ ತೋರಿಸಿ, ರುದ್ರಣ್ಣನನ್ನು ಸಂಜೆಯ ಬಸ್ಸಿಗೆ ಹತ್ತಿಸಿಯೇ ಊರಿಗೆ ಹೊರಟೆ.

ಶುಕ್ರವಾರ ಚನ್ನಗಿರಿಯ ಅಂಗಡಿಯಲ್ಲಿ ಪರದೆಯ ಮುಂದೆ ಕೂತಿದ್ದೆ. ಟ್ಯಾಂಕ್ ತುಂಬಿ ಮೋಟಾರ್ ನಿಂತಿತು. ಅಷ್ಟರಲ್ಲಿ ಜಗಳೂರಿನಿಂದ ಫೋನ್. ಹಿಂದುಗಡೆ ಹೆಂಗಸರ ಗಲಾಟೆ, ಕೂಸಿನ ಅಳು.

"ಟ್ಯಾಂಕು ತುಂಬೈತೆ ರುದ್ರಣ್ಣ, ಮೋಟ್ರು ನಿಂತೈತೆ. ನೀವು ಆರಾಮಾಗಿರ್ರಿ."

"ಅದಲ್ರಿ ಮೇಡಂ..." ದನಿ ತಗ್ಗಿಸಿದ. "ಅದು... ದೀಪ?"

ಹಳೆಯದರ ಹೊಸ ವಿಳಾಸ ಒತ್ತಿ ಕರೆದೆ. ತಕ್ಷಣ ಓಗೊಟ್ಟಿತು. ಮತ್ತೆ ಕರೆದೆ, ಮತ್ತೆ ಓಗೊಟ್ಟಿತು.

"ಉರೀತಾ ಐತೆ ರುದ್ರಣ್ಣ. ಮಿಣಮಿಣ ಅಂತಾ ಐತೆ."

ಫೋನ್ ಇಡುವುದನ್ನೂ ಮರೆತು ಅವನು ಒಳಗೆ ಕೂಗಿದ್ದು ನನಗೆ ಕೇಳಿಸಿತು: "ಹಂಗಾರೆ ಹಾಕ್ರವ್ವ, ಈಗ ಕೂಸನ್ನ ತೊಟ್ಟಿಲಿಗೆ ಹಾಕ್ರಿ."