ಟಗರಿನ ಕೊರಳಲ್ಲಿ ಅಲ್ಮಾ

ಅಜ್ಜಂಪುರದಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡಿರುವ ಪ್ರಕಾಶನಿಗೆ ಭಾನುವಾರ ಬಂತೆಂದರೆ ದುರ್ಬೀನು ಕೊರಳಿಗೆ ಬೀಳಲೇಬೇಕು. ದೀಪಾವಳಿಯ ಹೊತ್ತಿಗೆ ಶಿವನಿ ಕಡೆಯ ಹುಲ್ಲುಗಾವಲಿಗೆ ಬಂದಿಳಿಯುವ ಪರದೇಶದ ಗಿಡುಗಗಳನ್ನು ಎಣಿಸುವುದು ಅವನ ಹುಚ್ಚು. ಆರು ವರ್ಷದ ಹಿಂದೆ ನಲವತ್ತು ಎಣಿಸಿದ್ದ ಜಾಗದಲ್ಲಿ ಈ ಸಲ ಸಿಕ್ಕಿದ್ದು ಹನ್ನೊಂದು. ಅದರಲ್ಲಿ ಒಂದರ ಬೆನ್ನ ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರವಿತ್ತು. ಕಜಕಿಸ್ತಾನದ ಗೋಧಿ ಹೊಲದಲ್ಲಿ ಮರಿ ಮಾಡಿದ ಹೆಣ್ಣು ಅದು. ಅಲ್ಲಿನವರೇ ಯಂತ್ರ ಕಟ್ಟಿ ಅಲ್ಮಾ ಎಂದು ಹೆಸರಿಟ್ಟಿದ್ದರು. ಬಿಸಿಲಿನಲ್ಲೇ ಚಾರ್ಜ್ ಆಗುವ ಆ ಯಂತ್ರ ಹಕ್ಕಿ ಎಲ್ಲಿದೆಯೆಂದು ದಿನವೂ ಸುದ್ದಿ ಕಳಿಸುತ್ತಿತ್ತು.

ಆ ಸುದ್ದಿ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಸಂಶೋಧಕಿ ಪ್ರಿಯಾಂಕಾ ಜನವರಿಯಲ್ಲಿ ಫೋನ್ ಮಾಡಿದಳು.

"ಸರ್, ಹದಿನೆಂಟು ದಿನದಿಂದ ಅಲ್ಮಾ ಹಾರ್ತಾನೇ ಇಲ್ಲ, ನಡೀತಿದೆ. ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೆ. ಎರಡು ರಾತ್ರಿ ಒಂದು ಹೊಲ, ಆಮೇಲೆ ಇನ್ನೊಂದು. ರೆಕ್ಕೆಗೆ ಪೆಟ್ಟಾಗಿದ್ರೆ ಚಿಕಿತ್ಸೆ ಕೊಡಿಸ್ಬೋದು. ಬೇಗ ಹುಡುಕಿ."

ಎರಡೆರಡು ರಾತ್ರಿ ಹೊಲದಿಂದ ಹೊಲಕ್ಕೆ ಬೀಡು ಬದಲಿಸುವುದು ಯಾವುದೆಂದು ಗೊಬ್ಬರ ಮಾರುವ ಪ್ರಕಾಶನಿಗೆ ಹೊಳೆಯಬೇಕಿತ್ತು. ಆಸೆ ಬಿಡಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಗೆ ಹಳೇ ಟವೆಲು ಹಾಸಿ, ಬೈಕಿಗೆ ಕಟ್ಟಿಕೊಂಡು ಹೊರಟ.

ಪ್ರಿಯಾಂಕಾ ಫೋನಿಗೆ ಕಳಿಸಿದ್ದ ನಕ್ಷೆ ಅವನನ್ನು ತಂದು ನಿಲ್ಲಿಸಿದ್ದು ದೊಡ್ಡಬೀರಪ್ಪನ ಕುರಿಮಂದೆಯ ನಡುವೆ. ಗೊಬ್ಬರಕ್ಕೆಂದು ರೈತರು ಕರೆದ ಕರೆದ ಹೊಲದಲ್ಲಿ ರಾತ್ರಿ ಮಂದೆ ತರುಬುವುದು ಅವನ ಕಸುಬು.

"ಏನಪ್ಪಾ ಪ್ರಕಾಶ, ಪೆಟ್ಗೆ ಸಮೇತ ಬಂದ್ಬಿಟ್ಟಿದೀಯ! ಮರಿ ಕದಿಯಾಕಾ?"

"ಬೀರಣ್ಣ, ಬೆನ್ ಮೇಲೆ ಯಂತ್ರ ಇರೋ ಗಿಡುಗ ಏನಾದ್ರೂ ಕಂಡ್ಯಾ?"

ದೊಡ್ಡಬೀರಪ್ಪ ಮುಂದಿನ ಟಗರಿನತ್ತ ಗದ್ದ ಎತ್ತಿದ. ಅದರ ಕತ್ತಿನ ಮೇಲ್ಭಾಗದಲ್ಲಿ, ಗಂಟೆಯ ಹುರಿಗೇ ಬಿಗಿದಿದ್ದ ಯಂತ್ರ ಬಿಸಿಲಿಗೆ ಹೊಳೆಯುತ್ತಿತ್ತು.

"ಸತ್ ಬಿದ್ದಿತ್ತು ಕಣೋ. ಬಿಸಾಕಕ್ಕೆ ಮನಸಾಗ್ಲಿಲ್ಲ, ಅಗೋ, ಆ ಬೇವಿನ ಮರದ ಬುಡದಾಗೆ ಮಣ್ಣು ಮಾಡ್ದೆ. ನಾವು ದೇವ್ರ ಹೆಸರಲ್ಲಿ ಗೂಳಿ ಬಿಡಲ್ವಾ, ಹಂಗೆ ಯಾರೋ ಹರಕೆಗೆ ತಾಯ್ತ ಕಟ್ಟಿ ಬಿಟ್ಟಿರೋ ಹಕ್ಕಿ ಅನ್ಕಂಡೆ. ಇದ್ನ ಕಟ್ಟಿದ್ಮೇಲೆ ಒಂದ್ ಕುರಿನೂ ಕಾಯಿಲೆ ಬಿದ್ದಿಲ್ಲ, ಗೊತ್ತಾ?"

ಪ್ರಕಾಶ ಬದುವಿನ ಮೇಲೆ ಕುಳಿತುಬಿಟ್ಟ. "ಎಲ್ಲಿ ಬಿದ್ದಿತ್ತಣ್ಣ?"

"ತೀರ್ಥೇಶನ ಕಡ್ಲೆ ಹೊಲದ ಅಂಚಲ್ಲಿ. ಹಿಂದಿನ್ ದಿನ ಔಷ್ದಿ ಹೊಡ್ಸಿದ್ದ. ಮಿಡತೆ ರಾಶಿ ರಾಶಿ ಸತ್ತಿದ್ವು. ನಾನು ಕುರೀನ ಆ ಕಡೀಕೇ ಬಿಡ್ಲಿಲ್ಲ."

ಕಾಯಿಕೊರಕ ಬಿದ್ದಿದೆಯೆಂದು ತೀರ್ಥೇಶ ಅಂಗಡಿಗೆ ಬಂದಿದ್ದು ನೆನಪಾಯಿತು. ಒಂದು ಬಾಟಲಿ ಸಾಕಾ ಎಂದು ಕೇಳಿದ್ದ. ಎರಡು ಥರದ್ದನ್ನೂ ಬೆರೆಸಿ ಹೊಡೆ, ಒಂದೇ ಸಲಕ್ಕೆ ಹೋಗ್ಲಿ ಎಂದಿದ್ದು ಪ್ರಕಾಶನೇ. ಆ ಗಿಡುಗಗಳ ಹೊಟ್ಟೆಗೆ ಮಿಡತೆಯೇ ಆಹಾರ ಎಂಬುದೂ ಅವನಿಗೆ ಗೊತ್ತಿದ್ದದ್ದೇ.

ಫೋನ್ ಮತ್ತೆ ಬಡಿದುಕೊಂಡಿತು. "ಸಿಕ್ತಾ ಸರ್?"

"ಸತ್ತೋಗಿದೆ ಮೇಡಂ."

"ನಾಯಿ ಹಿಡೀತಾ? ಕಜಕಿಸ್ತಾನಕ್ಕೆ ವರದಿ ಕಳಿಸ್ಬೇಕು."

ನಾಯಿ ಅಂದುಬಿಟ್ಟರೆ ಮುಗಿಯಿತು. ದೊಡ್ಡಬೀರಪ್ಪನನ್ನು ಕೇಳಲು ಕಜಕಿಸ್ತಾನದಿಂದ ಯಾರೂ ಬರುವುದಿಲ್ಲ. ಅಂಗಡಿಯ ಹೆಸರೂ ಉಳಿಯುತ್ತದೆ.

"ನಾಯಿ ಅಲ್ಲ, ಔಷಧಿ ಇರ್ಬೇಕು. ಪರೀಕ್ಷೆಗೆ ಕಳಿಸ್ತೀನಿ. ಎರಡು ಹೆಸರು ಹೇಳ್ತೀನಿ, ಬರ್ಕೊಳ್ಳಿ. ನನ್ ಅಂಗಡೀದೇ. ಬೆರೆಸೋಕೆ ಹೇಳಿದ್ದೂ ನಾನೇ."

ಫೋನ್ ಇಟ್ಟಾಗ ದೊಡ್ಡಬೀರಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಟಗರಿನ ಕೊಂಬು ಹಿಡಿದು ನಿಲ್ಲಿಸಿ, ಹುರಿ ಬಿಚ್ಚಿ ಯಂತ್ರವನ್ನು ಪ್ರಕಾಶನ ಅಂಗೈಗೆ ಹಾಕಿದ.

"ಪೆಟ್ಗೆ ತಗೊಂಡ್ ಬಾ," ಅಂದು ಬೇವಿನ ಮರದ ಕಡೆ ನಡೆದ. "ಮೆತ್ತಗೆ ಅಗೀಬೇಕು. ಆಳ ಇಲ್ಲ, ಮೇಲ್ಮೇಲೇ ಹೂತಿದೀನಿ."